ಹನ್ನೆರಡು ಪದರದ ಜೋಡಣೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಅಂಗಿಗಳಿಗೆ ಕಾಲರ್ ಕೂರಿಸುವುದೊಂದೇ ಅವಳ ಕೆಲಸವಾಗಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಾಲರಕ್ಕ. ಕಾರ್ಖಾನೆ ಬಾಗಿಲು ಹಾಕಿ ಎರಡು ವರ್ಷವಾದರೂ ಆ ಹೆಸರು ಹೋಗಲಿಲ್ಲ, ಕತ್ತಿನ ನೋವೂ ಹೋಗಲಿಲ್ಲ. ಈಗ ಕಿಟಕಿ ಪಕ್ಕ ಹಳೆಯ ಮಷೀನೊಂದನ್ನು ಹಾಕಿಕೊಂಡು ಬೀದಿಯವರ ಪ್ಯಾಂಟಿನ ಅಂಚು, ದಿಂಬಿನ ಚೀಲ, ಹರಿದ ಜೇಬು ಹೊಲಿಯುತ್ತಿದ್ದಳು. ಗಂಡ ರಾತ್ರಿ ಪಾಳಿಯ ವಾಚ್‌ಮನ್. ಹಗಲೆಲ್ಲ ಪರದೆಯ ಆಚೆ ಮಲಗಿರುತ್ತಿದ್ದ. ಒಂದೇ ಕೋಣೆ, ಅವನ ನಿದ್ದೆಗೂ ಇವಳ ಕೆಲಸಕ್ಕೂ ನಡುವೆ ಇದ್ದದ್ದು ಆ ಪರದೆಯಷ್ಟೇ.

ಒಂದು ಮಧ್ಯಾಹ್ನ ಗುಂಡಿ ಬಂದಳು. ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದವಳು, ಆಗ ಎಲ್ಲರಿಗಿಂತ ಚಿಕ್ಕವಳು, ಈಗ ಎರಡು ಮಕ್ಕಳ ತಾಯಿ. ಕಂಕುಳಲ್ಲಿ ಒಂದು ಬಟ್ಟೆಗಂಟು.

"ಅಕ್ಕಾ, ಚೆಕರಮ್ಮ ಹಾಸಿಗೆ ಹಿಡಿದಿದ್ದಾರೆ, ಗೊತ್ತಾ? ಎಡಗೈ ಎಡಗಾಲು ಎರಡೂ ಸ್ವಾಧೀನ ಇಲ್ಲ. ಮಾತೂ ಬಿಟ್ಟಿದ್ದಾರಂತೆ. ಎದುರಿನ ಬೋಳು ಗೋಡೆ ನೋಡ್ಕೊಂಡು ಮಲಗಿರ್ತಾರೆ."

ಚೆಕರಮ್ಮ ಎಂದರೆ, ಹೊಲಿದ ಪ್ರತಿ ಅಂಗಿಯನ್ನೂ ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತಿದ್ದ ಹೆಂಗಸು. ಅವರ ಮೇಜಿನಿಂದ ಕಾಲರಕ್ಕನ ಕಾಲರುಗಳು ಎಷ್ಟು ಸಲ ವಾಪಸ್ಸು ಬಂದಿದ್ದವೋ ದೇವರಿಗೇ ಗೊತ್ತು. ಆದರೆ ಒಂದು ದಿನ ಇವಳಿಗೆ ಜ್ವರ ಏರಿ ಕಣ್ಣು ಕತ್ತಲೆ ಬಂದಾಗ, ಇವಳನ್ನು ಬಟ್ಟೆ ರಾಶಿಯ ಮೇಲೆ ಮಲಗಿಸಿ, ಇವಳ ಸ್ಟೂಲಿನ ಮೇಲೆ ತಾವೇ ಕೂತು ನಲವತ್ತು ಕಾಲರ್ ಹೊಲಿದು, ಅದರಲ್ಲಿ ಆರನ್ನು ಸರಿಯಿಲ್ಲವೆಂದು ತಾವೇ ಪಕ್ಕಕ್ಕೆ ಎಸೆದವರೂ ಅವರೇ.

ಗುಂಡಿ ಗಂಟು ಬಿಚ್ಚಿದಳು. ಇಪ್ಪತ್ತಾರು ಜನ ತಮ್ಮ ತಮ್ಮ ಕಾರ್ಖಾನೆಯ ಏಪ್ರನ್ನಿನಿಂದ ಕತ್ತರಿಸಿ ಕೊಟ್ಟ ತುಂಡುಗಳು. ಎಲ್ಲವೂ ಒಂದೇ ನೀಲಿ, ಆದರೆ ಒಗೆದು ಒಗೆದು ಒಂದೊಂದು ಒಂದೊಂದು ಬಣ್ಣಕ್ಕೆ ತಿರುಗಿದ್ದವು.

"ಇದರಲ್ಲಿ ಎಲೆ ಎಲೆ ಥರ ಮಾಡಿ, ದುಂಡಗೆ ಒಂದು ಹಾರ ಹೊಲಿದುಕೊಡಕ್ಕಾ. ಆ ಗೋಡೆಗೆ ಹಾಕೋಣ."

"ಬದುಕಿರೋರ ಗೋಡೆಗೆ ಹಾರನಾ? ಬೈಸಿಕೊಳ್ಳೋಕೆ ನಾನೇ ಸಿಕ್ಕಿದ್ನಾ?"

"ಬೈಯ್ಲಿ ಬಿಡು. ಹಾಗಾದ್ರೂ ಬಾಯಿ ತೆಗೀಲಿ."

ಆಗಲ್ಲ ಎಂದುಬಿಡಬೇಕು ಅನ್ನಿಸಿತು ಕಾಲರಕ್ಕನಿಗೆ. ಬೆಳಿಗ್ಗೆಯಿಂದ ಬೆನ್ನು ನೆಟ್ಟಗಾಗಿರಲಿಲ್ಲ. ಆದರೂ ಕೈ ಆಗಲೇ ತುಂಡುಗಳನ್ನು ಅಳತೆವಾರು ಜೋಡಿಸತೊಡಗಿತ್ತು. ಈ ಕೈ ಯಾವತ್ತೂ ಅವಳ ಮಾತು ಕೇಳಿದ್ದಿಲ್ಲ.

ಎಲೆಗಳಿಗೇ ಐದು ದಿನ ಹಿಡಿಯಿತು. ತನ್ನ ಹಳೆಯ ಏಪ್ರನ್ನನ್ನೂ ಕತ್ತರಿಸಿ ಜೊತೆಗಿಟ್ಟುಕೊಂಡು, ಒಬ್ಬೊಬ್ಬರ ಬಟ್ಟೆಯಲ್ಲಿ ಎರಡೆರಡು ತುಂಡು ಸೇರಿಸಿ ಹೊಲಿದು, ಒಳಗಿನದನ್ನು ಹೊರಗೆ ತಿರುವಿ, ಹತ್ತಿ ತುಂಬಿ, ದಪ್ಪ ಪಟ್ಟಿಯೊಂದರ ಮೇಲೆ ಒಂದರ ಬುಡ ಇನ್ನೊಂದರಡಿ ಸಿಕ್ಕಿಸುತ್ತಾ ಹೊಲಿದಳು. ಕೊನೆಗೆ ಉಳಿದದ್ದು ಪಟ್ಟಿಯ ಎರಡು ತುದಿ ಕೂಡಿಸುವ ಜಾಗ. ಪಟ್ಟಿ, ಅದರ ಮಡಿಕೆ, ಎಲೆಯ ಬುಡಗಳು ಎಲ್ಲ ಸೇರಿ ಹನ್ನೆರಡು ಪದರ. ತುಳಿದಳು. ಟಕ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದಳು, ಅದೂ ಹೋಯಿತು. ಮೂರನೆಯದರ ತುದಿ ಕೆನ್ನೆಗೆ ಸಿಡಿದಾಗ ಸುಮ್ಮನೆ ಕೈಕಟ್ಟಿ ಕೂತಳು. ಅಳುವಷ್ಟೂ ತ್ರಾಣವಿರಲಿಲ್ಲ.

ಮರುದಿನ ಹಾರವನ್ನು ಚೀಲಕ್ಕೆ ಹಾಕಿಕೊಂಡು ಮೆಕ್ಯಾನಿಕ್ಕನ ಹತ್ತಿರ ಹೋದಳು. ಮುಂಚೆ ಕಾರ್ಖಾನೆಯ ಮಷೀನು ನೋಡಿಕೊಳ್ಳುತ್ತಿದ್ದವನು. ಈಗ ಮಾರ್ಕೆಟ್ಟಿನ ಮೂಲೆಯಲ್ಲಿ ಫ್ಯಾನು ರಿಪೇರಿ ಮಾಡುತ್ತಿದ್ದ. ಜೋಡಣೆಯ ಜಾಗವನ್ನು ಹಿಚುಕಿ ನೋಡಿ ನಕ್ಕ.

"ಹದಿನಾಲ್ಕನೇ ನಂಬರ್ ಸೂಜೀಲಿ ಇದಕ್ಕೆ ಕೈ ಹಾಕಿದ್ಯಾ? ಹದಿನೆಂಟು ಹಾಕಮ್ಮಾ. ಹೊಲಿಗೆ ಉದ್ದ ಮಾಡು. ಮೊದಲು ಸುತ್ತಿಗೇಲಿ ಬಡಿದು ಈ ಉಬ್ಬು ಚಪ್ಪಟೆ ಮಾಡ್ಕೋ. ದಪ್ಪಕ್ಕೆ ಹತ್ತೋವಾಗ ಬಟ್ಟೆ ಒತ್ತೋ ಪಾದ ಮೂತಿ ಮೇಲೆತ್ತುತ್ತೆ. ಅದರ ಹಿಂದೆ ಅಷ್ಟೇ ದಪ್ಪಕ್ಕೆ ಬಟ್ಟೆ ಮಡಚಿಡು, ಸಮ ಆಗುತ್ತೆ. ಆಮೇಲೆ ಕಾಲಲ್ಲಿ ತುಳೀಬೇಡ. ಕೈಯಲ್ಲಿ ಚಕ್ರ ತಿರುಗಿಸು, ಒಂದೊಂದೇ ಹೊಲಿಗೆ."

"ಇಷ್ಟು ವರ್ಷ ಹೊಲಿದೆ, ಇದು ಗೊತ್ತಿರಲಿಲ್ಲ ನೋಡಣ್ಣಾ."

"ಕಾರ್ಖಾನೆ ಮಷೀನಿಗೆ ಏನು ಕೊಟ್ರೂ ನುಂಗ್ತಿತ್ತು. ಇದು ಮನೆ ಮಷೀನು, ವಯಸ್ಸಾಗಿದೆ. ಪುಸಲಾಯಿಸಿ ಕೆಲಸ ತಗೋಬೇಕು."

ಸುತ್ತಿಗೆ ಏಟಿಗೆ ಗಂಡ ಎದ್ದುಬಿಟ್ಟ. ಮೂರನೇ ಏಟಿಗೆ ಪರದೆ ಸರಿಸಿ, ಕೆಂಪು ಕಣ್ಣು ಬಿಟ್ಟು ನಿಂತ.

"ಗೋಡೆ ಒಡೀತಿದ್ದೀಯಾ?"

"ಚೆಕರಮ್ಮಂದು. ಒಂದೇ ಜಾಗ ಉಳಿದಿದೆ, ಮಲಕ್ಕೊಳ್ಳಿ."

ಅವನು ಮಲಗಲಿಲ್ಲ. ಹಾರದ ಭಾರಕ್ಕೆ ಬಟ್ಟೆ ಮೇಜಿನಿಂದ ಜಾರುತ್ತಾ ಸೂಜಿಯನ್ನು ಎಳೆಯುತ್ತಿರುವುದನ್ನು ಕಂಡು, ಬಂದು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವಳು ಚಕ್ರ ತಿರುಗಿಸಿದಳು. ಸೂಜಿ ಇಳಿಯಿತು, ತಡೆಯಿತು, ಇನ್ನಷ್ಟು ಬಲ ಹಾಕಿದಾಗ ಗರ್ ಎಂದು ಆಚೆಗೆ ಹೊರಟಿತು. ಒಂದು ಹೊಲಿಗೆ. ಮತ್ತೊಂದು. ನಾಲ್ಕು ಬೆರಳಗಲದ ಜಾಗಕ್ಕೆ ಅರ್ಧ ಗಂಟೆ ಬೇಕಾಯಿತು. ನಡುವೆ ಅವನು ನಿಂತಲ್ಲೇ ತೂಕಡಿಸಿದ. ಅವಳು "ರೀ" ಎಂದಾಗ ಕೈ ಮತ್ತೆ ಮೇಲೆತ್ತಿದ.

ಮಾರನೇ ದಿನ ಊಟದ ಹೊತ್ತು ಕಳೆದ ಮೇಲೆ ಹಾರ ಹೊತ್ತುಕೊಂಡು ಹೋದಳು. ಚೆಕರಮ್ಮನ ಮನೆ ಮೂರನೇ ಮಹಡಿ. ಪ್ರತಿ ಮಹಡಿಯಲ್ಲೂ ನಿಂತು ಉಸಿರು ತಗೊಂಡಳು. ಸೊಸೆ ಬಾಗಿಲು ತೆಗೆದು ಒಳಗೆ ಕರೆದಳು. ಚೆಕರಮ್ಮ ದಿಂಬಿಗೆ ಒರಗಿದ್ದರು, ಒಂದು ಕಡೆ ಬಾಯಿ ಜೋತಿತ್ತು. ಹಾರವನ್ನು ತೊಡೆಯ ಮೇಲಿಟ್ಟಾಗ ಬಲಗೈ ನಿಧಾನವಾಗಿ ಅದರ ಸುತ್ತ ಓಡಾಡಿ, ಜೋಡಣೆಯ ಹತ್ತಿರ ಬಂದು ನಿಂತಿತು. ಹೆಬ್ಬೆರಳಿನಿಂದ ಉಜ್ಜಿದರು. ತಿರುವಿ ನೋಡಿದರು.

"ಹೊಲಿಗೆ... ಉದ್ದ," ಎಂದರು ತೊದಲುತ್ತಾ. "ಬಿಚ್ಚು."

ಸೊಸೆ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತಳು. ಹನ್ನೊಂದು ದಿನದಿಂದ ಆ ಬಾಯಿಂದ ಒಂದಕ್ಷರ ಬಂದಿರಲಿಲ್ಲ.

"ಬಿಚ್ಚಲ್ಲಮ್ಮಾ," ಎಂದಳು ಕಾಲರಕ್ಕ. ಚೆಕರಮ್ಮನಿಗೆ ಇವಳು ಎದುರಾಡಿದ್ದು ಅದೇ ಮೊದಲು. "ಹನ್ನೆರಡು ಪದರ ಇದೆ. ಮೂರು ಸೂಜಿ ಹೋಯ್ತು. ಕೊಲ್ತೀನಂದ್ರೂ ಬಿಚ್ಚಲ್ಲ."

ಚೆಕರಮ್ಮ ಅವಳನ್ನೇ ನೋಡಿದರು. ಬಾಯಿಯ ನೆಟ್ಟಗಿದ್ದ ಬದಿ ತುಸು ಅರಳಿತು. ಸೊಸೆ ಮೊಳೆ ಹೊಡೆದು ಹಾರ ತೂಗಿಹಾಕಿದಳು. ಚೆಕರಮ್ಮ ಬೆರಳೆತ್ತಿ ಒಂದೊಂದೇ ಎಲೆ ತೋರಿಸುತ್ತಾ ಯಾರದು ಎಂದು ಕೇಳತೊಡಗಿದರು. ಕಾಲರಕ್ಕ ಕುರ್ಚಿಯಲ್ಲಿ ಕೂತು ಹೇಳುತ್ತಾ ಹೋದಳು: ಇದು ಗುಂಡೀದು, ಇದು ಇಸ್ತ್ರಿಯವಳದ್ದು, ಎಣ್ಣೆ ಕಲೆ ಇರೋದು ನಂದು. ಏಳೆಂಟು ಹೇಳುವಷ್ಟರಲ್ಲಿ ಮಾತು ತೇಲಿ, ಕತ್ತು ವಾಲಿ, ನಿದ್ದೆ ಬಂದುಬಿಟ್ಟಿತು. ಎಬ್ಬಿಸಲು ಹೋದ ಸೊಸೆಗೆ ಚೆಕರಮ್ಮ ಬೇಡವೆಂದು ಕೈ ಮಾಡಿದರು.

ಎಚ್ಚರವಾದಾಗ ಐದು ದಾಟಿತ್ತು. ಪಕ್ಕದ ಸ್ಟೂಲಿನ ಮೇಲಿದ್ದ ಟೀ ಆರಿ ಕೆನೆಗಟ್ಟಿತ್ತು. ಗಂಡ ಕೆಲಸಕ್ಕೆ ಹೊರಡುವ ಹೊತ್ತು, ಮನೆಯಲ್ಲಿ ಒಲೆ ಹಚ್ಚಿಲ್ಲ. ಆ ತಣ್ಣನೆ ಟೀಯನ್ನೇ ಒಂದೇ ಗುಟುಕಿಗೆ ಕುಡಿದು, ಮೆಟ್ಟಿಲ ಕಂಬಿ ಹಿಡಿದುಕೊಂಡು ಮೂರು ಮಹಡಿ ಇಳಿಯತೊಡಗಿದಳು.