ಗಿರಣಿ ಬೆಲ್ಟಿನ ಎರಡನೆಯ ತಿರುವು

ಕೊರೊನಾ ಕಳೆದ ಮರುವರ್ಷದ ಮಾತು. ನಾನು ಆಗ ಕಲಘಟಗಿಯ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕ, ನಿವೃತ್ತಿ ಹತ್ತಿರವಿತ್ತು. ಹತ್ತಿರದ ತಂಬೂರು ಗ್ರಾಮದ ವಿದ್ಯಾರ್ಥಿನಿ ರೇಷ್ಮಾ ದೂರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂ.ಎಸ್ಸಿ. ಓದಲು ಲಿಖಿತ ಪರೀಕ್ಷೆ ದಾಟಿದ್ದಳು. ಸಂದರ್ಶನವೊಂದೇ ಬಾಕಿ. ಅದು ತಪ್ಪಿದರೆ ಗಣಿತ ಸಾಕು, ಬಿ.ಇಡಿ. ಮಾಡು ಎಂದು ಮನೆಯಲ್ಲಿ ಹೇಳಿಯಾಗಿತ್ತು.

ಅವಳಿಗೆ ಬೀಜಗಣಿತದಿಂದ ಆಕಾರಗಳನ್ನು ಅಳೆಯುವ ಆಲ್ಜೀಬ್ರಾಯಿಕ್ ಜಾಮೆಟ್ರಿಯ ಹುಚ್ಚು. ನನಗೆ ತಿಳಿದಷ್ಟನ್ನು ಸಂಜೆ ಹೇಳಿಕೊಡುತ್ತಿದ್ದೆ. ವೃತ್ತದ ಪ್ರತಿ ಬಿಂದುವಿನಲ್ಲೂ ಒಂದೊಂದು ಗೆರೆ ನಿಲ್ಲಿಸಿದರೆ ಅದು ಲೈನ್ ಬಂಡಲ್, ವೆಕ್ಟರ್ ಬಂಡಲ್‌ಗಳಲ್ಲಿ ಅತಿ ಸರಳವಾದದ್ದು. ಚಿಕ್ಕ ತುಣುಕು ನೋಡಿದರೆ ಎಲ್ಲವೂ ಒಂದೇ ಥರ. ವ್ಯತ್ಯಾಸವೆಲ್ಲ ತುದಿಗಳನ್ನು ಕೂಡಿಸುವಲ್ಲಿ: ನೇರ ಕೂಡಿಸಿದರೆ ಒಂದು ಬಂಡಲ್, ತಿರುವಿ ಕೂಡಿಸಿದರೆ ಇನ್ನೊಂದು. ಇದು ಅವಳ ತಲೆಗೆ ಹತ್ತಲಿಲ್ಲ.

ಅವಳಪ್ಪನದು ಹಿಟ್ಟಿನ ಗಿರಣಿ. ಬೆಲ್ಟ್ ಒಂದೇ ಮಗ್ಗಲು ಸವೆಯಬಾರದೆಂದು ಅವರು ಒಮ್ಮೆ ತಿರುವಿ ತುದಿ ಕೂಡಿಸುತ್ತಿದ್ದರು. "ನಿಮ್ಮ ಬೆಲ್ಟೇ ಆ ಬಂಡಲ್" ಎಂದೆ. ತಕ್ಷಣ ತಿಳಿಯಿತು. ನಾನು ಬೀಗಿದೆ.

ಸಂದರ್ಶನ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲೇ ನಡೆಯಿತು. ಪಕ್ಕದಲ್ಲಿ ಒಬ್ಬ ಅಧ್ಯಾಪಕ ಇರಬೇಕು, ಬಾಯಿ ತೆರೆಯಬಾರದು ಎಂಬುದು ಅವರ ನಿಯಮ. ಕನ್ನಡ ಬಲ್ಲ ಸಂದರ್ಶಕರೊಬ್ಬರು ಕೇಳಿದರು: "ಒಂದು ಬಾರಿಯ ಬದಲು ಎರಡು ಬಾರಿ ತಿರುವಿ ಕೂಡಿಸಿದರೆ? ಅದೂ ತಿರುವೇ ಇಲ್ಲದ ಬಂಡಲ್ಲೂ ಒಂದೇನಾ?"

ಸರಿಯಾದ ಉತ್ತರ, ಒಂದೇ. ಪ್ರತಿ ತಿರುವು ಋಣ ಒಂದರಿಂದ ಗುಣಿಸಿದಂತೆ; ಋಣವನ್ನು ಋಣದಿಂದ ಗುಣಿಸಿದರೆ ಧನ. ಬೆಲ್ಟ್ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

"ಅಲ್ರಿ ಸರ್, ಬ್ಯಾರೆ" ಎಂದಳು ರೇಷ್ಮಾ. "ಎರಡು ತಿರುವು ಬಿದ್ರ ಬೆಲ್ಟ್ ಕೊಯ್ಯಲಾರದ ನೆಟ್ಟಗ ಆಗಂಗಿಲ್ಲ."

"ಖಚಿತವೇ?"

"ಖಚಿತ ರಿ. ಕೈಯಾರೆ ಮಾಡಿ ನೋಡೇನಿ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೆಮ್ಮಿದರೂ ಅವಳಿಗೇ ಕುತ್ತು. ಇಷ್ಟು ಅಸಹಾಯಕನಾಗಿ ನಾನು ಯಾವ ತರಗತಿಯಲ್ಲೂ ಕೂತಿರಲಿಲ್ಲ. ಅವರು ಮತ್ತೊಮ್ಮೆ ಅವಕಾಶ ಕೊಟ್ಟರು. ಅವಳು ಗಿರಣಿಯನ್ನೇ ನಂಬಿದಳು.

ಮುಗಿದ ಮೇಲೆ ಬೋರ್ಡಿನ ಮೇಲೆ ಒಂದು ಸಾಲು ಬರೆದೆ: (−1) × (−1) = 1. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ನೀವು ನನ್ನ ಬಾಜೂಕನ ಇದ್ರಲ್ರಿ ಸರ್" ಎಂದಳು, ಮೆಲ್ಲಗೆ. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಸೀಟು ಸಿಗಲಿಲ್ಲ. ಅವಳು ಬಿ.ಇಡಿ. ಸೇರಿದಳು.

ಉದಾಹರಣೆ ಕೊಟ್ಟವನು ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕು. ನಿವೃತ್ತನಾಗುವವರೆಗೆ ಪ್ರತಿ ತರಗತಿಯಲ್ಲೂ ಹೇಳಿದೆ. ಅದನ್ನು ಕೇಳಬೇಕಾಗಿದ್ದವಳು ಯಾವ ತರಗತಿಯಲ್ಲೂ ಇರಲಿಲ್ಲ.