ಪ್ಲೇಟಿನಲ್ಲಿ ಇಲ್ಲದ ಮೂರನೇ ಸುತ್ತು

ನಮ್ಮ ಬ್ಯಾಂಡ್‌ಸೆಟ್ಟಿನ ಗ್ರಾಮಫೋನ್ ಪ್ಲೇಟು ಎಷ್ಟು ಚೆನ್ನಾಗಿತ್ತು ಎಂದು ಯಾರಾದರೂ ಮಾತು ತೆಗೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗಳುವವರ ತಪ್ಪೇನೂ ಇಲ್ಲ, ಗೊತ್ತು. ಆದರೂ ಉರಿಯುತ್ತದೆ. ಅದರಲ್ಲೂ "ಕೊನೇಲಿ ಟಕ್ ಅಂತ ನಿಲ್ಲಿಸ್ತೀರಲ್ಲ, ಅದೇ ಸೊಗಸು" ಎಂದು ಕೈಯಿಂದ ಗಾಳಿ ಕತ್ತರಿಸಿ ತೋರಿಸುವವರನ್ನು ಕಂಡರೆ ಎದ್ದು ಹೋಗಿಬಿಡುತ್ತೇನೆ. ಮುದುಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದಲ್ಲಿ ನಾವು ಒಂಬತ್ತು ಜನ. ಏಳು ಜನ ನಮ್ಮ ಕೇರಿಯವರು, ಇಬ್ಬರು ಸಾಬರ ಬೀದಿಯವರು. ಹೊತ್ತು ಹುಟ್ಟಿದರೆ ಎಲ್ಲರೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಲಗ್ನದ ಕಾಲ ಬಂದರೆ ಅದೇ ಬೆರಳಿಗೆ ಕ್ಲಾರ್ನೆಟ್ಟು, ತುತ್ತೂರಿ, ಡ್ರಮ್ಮು. ಕೆಂಪು ಕೋಟು ಹಾಕಿಕೊಂಡರೂ ಹುಳುವಿನ ವಾಸನೆ ಮಾತ್ರ ಹೋಗುತ್ತಿರಲಿಲ್ಲ. ಸೆಟ್ಟಿನ ಯಜಮಾನ ನನ್ನ ದೊಡ್ಡಪ್ಪ. ದೊಡ್ಡ ಡ್ರಮ್ಮು ಅವರದು. ಕ್ಲಾರ್ನೆಟ್ಟು ನನ್ನದು, ಕಲಿಸಿದವರೂ ಅವರೇ.

ನಮ್ಮ ಬಾಜಾ ಬೀದಿಗೆ ಸೇರಿದ್ದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಹೊಸ ಹೆಣ್ಣನ್ನು ಗಂಡಿನ ಮನೆಗೆ ತುಂಬಿಸಿಕೊಳ್ಳುವ ಮೆರವಣಿಗೆಯಲ್ಲಿ ಊರ ಬಾಗಿಲಿಂದ ಮನೆಯ ಮುಂದಿನವರೆಗೆ ನಾವು ಬಾರಿಸಬೇಕು. ಆರತಿ ತಟ್ಟೆ ಹಿಡಿದ ಹೆಂಗಸರು ಬಾಗಿಲು ತೆಗೆದರೋ, ಆ ಕ್ಷಣವೇ ನಿಲ್ಲಿಸಿ, ಮೂರು ಹೆಜ್ಜೆ ಹಿಂದೆ ಸರಿಯಬೇಕು. ಹೆಣ್ಣು ಸೇರಕ್ಕಿ ಒದ್ದು ಹೊಸ್ತಿಲು ದಾಟುವ ಹೊತ್ತಿಗೆ ಒಳಗಿನ ಓಲಗದವರು ಊದುತ್ತಾರೆ. ನಮ್ಮ ಉಸಿರು ಹೊಸ್ತಿಲಿಗೆ ಸೋಕಬಾರದು.

ಬಾಗಿಲು ನೋಡುವುದು ನನ್ನ ಕೆಲಸ. ಕ್ಲಾರ್ನೆಟ್ಟಿನವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ; ಬಾಗಿಲು ಅಲುಗಿದ ಕೂಡಲೇ ನಾನು ಕ್ಲಾರ್ನೆಟ್ಟು ಇಳಿಸಬೇಕು, ಅದನ್ನು ಕಂಡು ಉಳಿದ ಎಂಟು ಜನ ನಿಲ್ಲಿಸಬೇಕು. ನಾನು ಇಳಿಸುವವರೆಗೆ ಯಾರೂ ನಿಲ್ಲಿಸುವಂತಿಲ್ಲ. ಹದಿನೈದು ವರ್ಷದವನಿದ್ದಾಗ ತೊಂಡೇಬಾವಿಯ ಒಂದು ಮದುವೆಯಲ್ಲಿ ನಾನು ಕಣ್ಣು ಮುಚ್ಚಿ ಊದುತ್ತಾ ಬಾಗಿಲು ತೆಗೆದದ್ದನ್ನು ನೋಡಲೇ ಇಲ್ಲ. ಮನೆಯವರು ಒಂದು ಕೊಡ ನೀರು ತಂದು ದೊಡ್ಡಪ್ಪನ ಡ್ರಮ್ಮಿನ ಮೇಲೆ ಸುರಿದರು. ಚರ್ಮ ನೆನೆದು ಜೋತುಬಿತ್ತು. ದೊಡ್ಡಪ್ಪ ಎಲ್ಲರೆದುರು ನನ್ನ ಕಪಾಳಕ್ಕೆ ಬಾರಿಸಿದರು. "ಕಣ್ಣು ಬಾಗ್ಲ ಮೇಲಿರ್ಲಿ. ರಾಗ ಎಲ್ಲೂ ಓಡ್ಹೋಗಲ್ಲ" ಎಂದರು. ಅಲ್ಲಿಂದಾಚೆ ನನ್ನ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ.

ಈ ದೊಡ್ಡಪ್ಪ ಒಂದು ಮಟ್ಟು ಕಟ್ಟಿದ್ದರು. ಸ್ವಂತದ್ದು, ಯಾರಿಂದಲೂ ಎತ್ತಿದ್ದಲ್ಲ. ಅದಕ್ಕೆ ಮೂರು ಸುತ್ತು. ಮೊದಲ ಸುತ್ತು ದಾರಿಯದು, ಗಾಡಿಯ ಚಕ್ರದ ನಡಿಗೆ. ಎರಡನೆಯದು ಬೀದಿಯದು, ಅಲ್ಲಿ ಜನ ಕುಣಿಯಬೇಕು. ಮೂರನೆಯದು ಹೊಸ್ತಿಲಿನದು. ಹೆಣ್ಣು ಸೇರನ್ನು ನೋಡುತ್ತಾಳೆ, ಕಾಲು ಎತ್ತಲೋ ಬೇಡವೋ ಎಂದು ನಿಲ್ಲುತ್ತಾಳೆ, ತಾಯಿಮನೆ ನೆನಪಾಗುತ್ತದೆ, ಒದೆಯುತ್ತಾಳೆ, ಒಳಗೆ ಹೋಗುತ್ತಾಳೆ. ಅಷ್ಟೂ ಆ ಸುತ್ತಿನಲ್ಲಿತ್ತು. ನಿಧಾನವಾದ ಸುತ್ತು. ಊರಾಚೆಯ ಹುಣಸೆಮರದ ಕೆಳಗೆ ನಾವು ಅದನ್ನು ಅಭ್ಯಾಸ ಮಾಡಿದಾಗಲೆಲ್ಲ ಸಾಬರ ತುತ್ತೂರಿಯವನು ಕಣ್ಣೊರೆಸಿಕೊಳ್ಳುತ್ತಿದ್ದ. ಆದರೆ ಒಂದು ಮದುವೆಯಲ್ಲೂ ಅದನ್ನು ಯಾರೂ ಕೇಳಿರಲಿಲ್ಲ. ಹೇಗೆ ಕೇಳಿಯಾರು, ಎರಡನೇ ಸುತ್ತು ಮುಗಿಯುವ ಮೊದಲೇ ಬಾಗಿಲು ತೆಗೆಯುತ್ತಿತ್ತಲ್ಲ. ಹೊಸ್ತಿಲಿಗೆಂದೇ ಕಟ್ಟಿದ್ದನ್ನು ಹುಣಸೆಮರಕ್ಕೆ ಕೇಳಿಸಿ ಮನೆಗೆ ಬರುತ್ತಿದ್ದೆವು.

ಚಿಂತಾಮಣಿಯ ಒಂದು ಮದುವೆಯಲ್ಲಿ ಪ್ಲೇಟು ಅಂಗಡಿಯವರೊಬ್ಬರು ನಮ್ಮ ಬಾಜಾ ಕೇಳಿದರು. ಚಿಕ್ಕಬಳ್ಳಾಪುರದವರು. ಮದರಾಸಿನ ಪ್ಲೇಟು ಕಂಪನಿಯವರಿಗೆ ಅವರ ಪರಿಚಯವಿತ್ತು. "ನಿಮ್ದೊಂದು ಪ್ಲೇಟು ಮಾಡಿಸಣ" ಎಂದರು. ಉಳಿದವರೆಲ್ಲ ಮದರಾಸಿನ ಸಮುದ್ರ ನೋಡಬಹುದು ಎಂದು ಕುಣಿದಾಡಿದರು. ದೊಡ್ಡಪ್ಪ ಕೇಳಿದ್ದು ಒಂದೇ ಮಾತು.

"ಅಲ್ಲಿ ಪೂರ್ತಿ ಬಾರಿಸ್ಬೋದಾ ಸ್ವಾಮಿ?"

"ಪೂರ್ತಿ ಬಾರ್ಸಪ್ಪ. ಅಲ್ಲಿ ಯಾರ ಮನೆ ಬಾಗ್ಲು ಐತೆ?"

ಅವತ್ತಿನಿಂದ ದೊಡ್ಡಪ್ಪನಿಗೆ ಬೇರೆ ಯೋಚನೆಯೇ ಇರಲಿಲ್ಲ. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಹಿಡಿಸುತ್ತದೆ ಎಂದು ಅಂಗಡಿಯವರು ಹೇಳಿದ್ದರಿಂದ, ಅವರ ಗೋಡೆ ಗಡಿಯಾರವನ್ನೇ ಎರವಲು ತಂದು ಹುಣಸೆಮರಕ್ಕೆ ನೇತುಹಾಕಿದರು. ದಾರಿಯ ಸುತ್ತನ್ನು ಕತ್ತರಿಸಿದರು, ಬೀದಿಯದನ್ನು ಅರ್ಧ ಮಾಡಿದರು. ಹೊಸ್ತಿಲಿನದನ್ನು ಒಂದು ಏಟೂ ಮುಟ್ಟಲಿಲ್ಲ. ಎರಡು ತಿಂಗಳು ಹೀಗೇ ನಡೆಯಿತು. "ಇದೊಂದು ಕೇಳ್ಸಿಬಿಟ್ರೆ ಸಾಕು ಕಣೋ. ಪ್ಲೇಟು ಯಾರ್ ಮನೇಗಾದ್ರೂ ಹೋಗುತ್ತೆ, ಅದಕ್ಕೆ ಜಾತಿ ಇಲ್ಲ" ಎಂದು ಒಂದು ದಿನ ನನಗೆ ಹೇಳಿದರು.

ಮದರಾಸಿನ ಆ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು. ಕಂಪನಿಯವನಿಗೆ ತೆಲುಗು ಬರುತ್ತಿತ್ತು, ನಮಗೂ ಬರುತ್ತಿತ್ತು, ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ಕೆಂಪು ದೀಪ ಹತ್ತಿದ ಮೇಲೆ ಕೆಮ್ಮಬಾರದು, ಅಲುಗಾಡಬಾರದು, ಯಾರೂ ಬಾಗಿಲು ತೆಗೆಯಬಾರದು ಎಂದು ಹತ್ತು ಸಲ ಹೇಳಿದ. ದೊಡ್ಡ ಡ್ರಮ್ಮಿನ ಸದ್ದು ಹೆಚ್ಚಾಗುತ್ತದೆಂದು ದೊಡ್ಡಪ್ಪನನ್ನು ಹಿಂದಿನ ಮೂಲೆಗೆ ತಳ್ಳಿದ. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ. ನನ್ನ ಎದುರಿಗೆ ಸರಿಯಾಗಿ ಬಾಗಿಲು.

ದೀಪ ಹತ್ತಿತು. ದಾರಿ ಮುಗಿಯಿತು, ಬೀದಿ ಶುರುವಾಯಿತು. ನಾವು ಅವತ್ತು ಬಾರಿಸಿದ ಹಾಗೆ ಮತ್ತೆಂದೂ ಬಾರಿಸಲಿಲ್ಲ. ಬೀದಿಯ ಸುತ್ತು ಏರಿ ಏರಿ ತುದಿಗೆ ಬಂದು, ಇನ್ನೇನು ಹೊಸ್ತಿಲು ಎನ್ನುವಾಗ ಬಾಗಿಲು ಅಲುಗಿತು. ಇನ್ನೊಂದು ನಿಮಿಷ ಉಳಿದಿದೆ ಎಂದು ಬೆರಳು ತೋರಿಸುವುದಕ್ಕೆ, ಯಾರೂ ಬಾಗಿಲು ತೆಗೆಯಬಾರದು ಎಂದಿದ್ದ ಆ ಕಂಪನಿಯವನೇ ತಲೆ ಹಾಕಿದ್ದ.

ನಾನು ಕ್ಲಾರ್ನೆಟ್ಟು ಇಳಿಸಿಬಿಟ್ಟೆ.

ಒಂಬತ್ತು ಜನವೂ ಒಂದೇ ಕ್ಷಣಕ್ಕೆ ನಿಂತೆವು. ಅಷ್ಟೇ ಅಲ್ಲ, ಮೂರು ಹೆಜ್ಜೆ ಹಿಂದೆ ಸರಿದೆವು. ಹಿಂದೆ ಗೋಡೆಗೊತ್ತಿ ನಿಂತವರಿಗೆ ಬೆನ್ನು ತಗುಲಿದ ಮೇಲೇ ಇದು ಮದುವೆ ಮನೆಯಲ್ಲ ಎಂದು ನನಗೆ ಹೊಳೆದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸುಳ್ಳು. ಅದು ಹುಟ್ಟುಗುಣವಲ್ಲ, ಕೊಡ ನೀರು ಸುರಿದು ಕಲಿಸಿದ ಗುಣ.

ದೊಡ್ಡಪ್ಪ ಮೂಲೆಯಿಂದ ಓಡಿಬಂದು "ಇಂಕೊಕ್ಕಸಾರಿ ಸಾರ್" ಎಂದರು. ಇನ್ನೊಂದೇ ಸಲ ಎಂದು ಕೈ ಮುಗಿದರು. ಕಂಪನಿಯವನು ಒಳಗೆ ಹೋಗಿ ಹಿಡಿದಿಟ್ಟದ್ದನ್ನು ತಿರುಗಿಸಿ ಕೇಳಿದ. ನಗುತ್ತಾ ಆಚೆ ಬಂದ. "ಚಾಲಾ ಬಾಗುಂದಿ. ಇದೇ ಉಂಚೇಸ್ತಾಂ" ಎಂದ. ತುಂಬಾ ಚೆನ್ನಾಗಿದೆಯಂತೆ, ಇದನ್ನೇ ಇಟ್ಟುಕೊಳ್ಳುತ್ತಾರಂತೆ. ಹೀಗೆ ಕತ್ತರಿಸಿದ ಹಾಗೆ ನಿಲ್ಲುವ ಬ್ಯಾಂಡನ್ನು ಅವನು ಕೇಳಿಯೇ ಇರಲಿಲ್ಲವಂತೆ. ಅದಿನ್ನೂ ಮುಗಿದಿಲ್ಲ ಎಂದು ದೊಡ್ಡಪ್ಪ ಮೂರು ಸಲ ಹೇಳಿದರು. ಅವನ ಕಿವಿಗೆ ಹೋಗಲಿಲ್ಲ. ಇನ್ನೊಂದು ಮಗ್ಗುಲಿಗೆ ಒಂದು ದೇವರನಾಮ ಬಾರಿಸಿ ಎಂದ. ಬಾರಿಸಿದೆವು. ಆಚೆ ಬೇರೆ ಮೇಳದವರು ಕಾಯುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವಾಪಸು ಬರುವ ರೈಲಿನಲ್ಲಿ ದೊಡ್ಡಪ್ಪ ನನ್ನನ್ನು ಬೈದಿದ್ದರೆ, ತೊಂಡೇಬಾವಿಯಲ್ಲಿ ಕೊಟ್ಟಂತೆ ಇನ್ನೊಂದು ಕೊಟ್ಟಿದ್ದರೆ ನಾನು ಇಷ್ಟು ವರ್ಷ ಕುದಿಯುತ್ತಿರಲಿಲ್ಲವೇನೋ. ಅವರು ಬೈಯಲಿಲ್ಲ. "ನೀನೇನ್ಮಾಡ್ತೀಯ. ಬಾಗ್ಲು ತೆಗೀತು, ನಿಲ್ಸಿದೆ. ಕಲ್ಸಿದ್ದು ನಾನೇ ಅಲ್ವಾ" ಎಂದು ಕಿಟಕಿಯಾಚೆ ನೋಡುತ್ತಾ ಕೂತರು.

ಪ್ಲೇಟು ಬಂತು. ನಡುವಿನ ಕೆಂಪು ಕಾಗದದ ಮೇಲೆ 'ಮದುವೆ ಬ್ಯಾಂಡು' ಎಂದಷ್ಟೇ ಇತ್ತು, ನಮ್ಮ ಯಾರ ಹೆಸರೂ ಇರಲಿಲ್ಲ. ಆದರೆ ಅದು ಓಡಿತು ನೋಡಿ, ಹೇಳಬಾರದು. ಗೌರಿಬಿದನೂರಿನ ಹೋಟೆಲಿನಲ್ಲಿ ಅದೇ, ಚಿಂತಾಮಣಿಯ ಸಂತೆಯಲ್ಲಿ ಅದೇ, ಚಿಕ್ಕಬಳ್ಳಾಪುರದ ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮೊದಲೂ ಅದೇ. ಜನ ಆ ನಿಲ್ಲುವ ಜಾಗಕ್ಕೇ ಕಾದು ಕೂತಿರುತ್ತಿದ್ದರು. ಬ್ಯಾಂಡು ಟಕ್ ಎಂದು ನಿಂತ ಕೂಡಲೇ ಎಲ್ಲರೂ ಸೇರಿ ಒಂದು ಚಪ್ಪಾಳೆ ಹೊಡೆಯುವುದು ಒಂದು ಆಟವೇ ಆಗಿಹೋಯಿತು. ನಾವು ಹೆದರಿ ಹಿಂದೆ ಸರಿದ ಆ ಹೆಜ್ಜೆ ಸದ್ದೂ ಸಣ್ಣಗೆ ಕೇಳುತ್ತದೆ ಅದರಲ್ಲಿ. ಅದಕ್ಕೂ ಚಪ್ಪಾಳೆ.

ಅಂಗಡಿಯವರು ದೊಡ್ಡಪ್ಪನಿಗೆ ಹಾರ ಹಾಕಿದರು. ಕೇರಿಯಲ್ಲಿ ಹೋಳಿಗೆ ಮಾಡಿದರು. ನನ್ನ ಪಾಲಿನದನ್ನು ಪಕ್ಕದವನ ಎಲೆಗೆ ಸರಿಸಿದೆ. ಇದರ ನಡುವೆ ಮದುವೆ ಮನೆಗಳಿಗೆ ಮೈಕ್‌ಸೆಟ್ಟು ಬಂದವು. ಮಾಳಿಗೆಯ ಮೇಲೆ ಕಹಳೆಯಂಥ ಸ್ಪೀಕರ್ ಕಟ್ಟಿ, ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿ ನಮ್ಮದೇ ಪ್ಲೇಟು ತಿರುಗಿಸುತ್ತಿದ್ದರು. ಪ್ಲೇಟಿಗೆ ಜಾತಿ ಇಲ್ಲ ಎಂದಿದ್ದರಲ್ಲ ದೊಡ್ಡಪ್ಪ, ಅದು ನಿಜವಾಯಿತು. ಅದು ಸಲೀಸಾಗಿ ಒಳಗೆ ಹೋಯಿತು. ನಾವು ಗೂಡು ಬೇಯಿಸುತ್ತಾ ಕೂತೆವು. ಪ್ಲೇಟೇ ಇರುವಾಗ ಒಂಬತ್ತು ಜನಕ್ಕೆ ಊಟ ಹಾಕುವ ದರ್ದು ಯಾರಿಗಿದೆ?

ಮಾರನೇ ವರ್ಷ ಮೇಲೂರಿನ ಒಂದು ದೊಡ್ಡ ಮನೆಯಿಂದ ಕರೆ ಬಂತು. ಮಗನ ಮದುವೆ. ಎಲ್ಲರ ಮನೆಯಲ್ಲೂ ಪ್ಲೇಟು, ತಮ್ಮ ಮನೆಯಲ್ಲಿ ಪ್ಲೇಟಿನ ಬ್ಯಾಂಡೇ ಬರಲಿ ಎಂಬ ಡೌಲು. ಆ ಮನೆಯ ಯಜಮಾನರು ಹೇಳಿ ಕಳಿಸಿದ್ದರು: "ಪ್ಲೇಟಲ್ಲಿ ಹೆಂಗೈತೋ ಹಂಗೇ ಆಗ್ಬೇಕು. ಟಕ್ ಅಂತ ನಿಲ್ಲಿಸ್ಬೇಕು."

ದೀಪ ಹಚ್ಚುವ ಹೊತ್ತಿಗೆ ಹೆಣ್ಣನ್ನು ಕರೆದುಕೊಂಡು ಹೊರಟೆವು. ದಾರಿ ಬಾರಿಸಿದೆವು, ಬೀದಿ ಬಾರಿಸಿದೆವು. ಮನೆಯ ಮುಂದೆ ಜನ ಕಿಕ್ಕಿರಿದಿದ್ದರು. ಬಾಗಿಲು ಅಲುಗಿತು. ಆರತಿಯ ಕೆಂಪು ನೀರು ಕಂಡಿತು. ನನ್ನ ಕೈ ತಾನಾಗಿಯೇ ಇಳಿಯುವುದರಲ್ಲಿತ್ತು. ಆಗ ಎರಡು ಕಡೆಯ ಜನರನ್ನು ನೋಡಿದೆ. ಎಲ್ಲರೂ ಅಂಗೈ ಅಗಲಿಸಿ, ಚಪ್ಪಾಳೆಗೆ ಸಿದ್ಧವಾಗಿ ನಿಂತಿದ್ದರು. ನಾವು ಹಿಂದೆ ಸರಿಯುವುದನ್ನು ಕಾಯುತ್ತಿದ್ದರು.

ನಾನು ಇಳಿಸಲಿಲ್ಲ. ಮೂರನೇ ಸುತ್ತು ಎತ್ತಿದೆ. ನನ್ನ ಬೆನ್ನ ಹಿಂದೆ ದೊಡ್ಡಪ್ಪನ ಡ್ರಮ್ಮು ಒಂದು ಏಟು ತಪ್ಪಿತು, ಆಮೇಲೆ ಹಿಡಿಯಿತು. ನಾನು ಇಳಿಸದೆ ಯಾರೂ ನಿಲ್ಲಿಸುವಂತಿಲ್ಲವಲ್ಲ, ಎಂಟು ಜನವೂ ಬಂದರು. ಒಳಗಿನ ಓಲಗದವರು ಬಾಯಿಗಿಟ್ಟುಕೊಂಡದ್ದನ್ನು ಊದದೆ ನಿಂತರು. ಆ ಹುಡುಗಿ ಸೇರನ್ನು ನೋಡಿದಳು, ನಮ್ಮ ಕಡೆ ತಿರುಗಿ ನೋಡಿದಳು, ಒದ್ದಳು, ಒಳಗೆ ಹೋದಳು. ನಾನು ಹೊಸ್ತಿಲನ್ನು ನುಂಗಿಬಿಡುವವನಂತೆ ನೋಡುತ್ತಾ ಕೊನೆಯ ಸ್ವರದವರೆಗೂ ಊದಿದೆ. ಮೊದಲ ಸಲ ಅದು ಹೊಸ್ತಿಲಿಗೆ ಕೇಳಿಸಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ಜಗಲಿಗೆ ಬಂದರು. ಬೈಯುತ್ತಾರೆ, ಹೊಡೆಸುತ್ತಾರೆ, ನೀರು ಸುರಿಯುತ್ತಾರೆ ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ನನ್ನಲ್ಲಿ ಸಿದ್ಧವಿತ್ತು.

"ಏನ್ರೋ ಇದು?" ಎಂದರು. "ಪ್ಲೇಟಲ್ಲಿ ಹಿಂಗಿಲ್ವಲ್ಲೋ. ನಿಮ್ ಮಟ್ಟು ನಿಮಗೇ ಗೊತ್ತಿಲ್ವಾ?"

ಜನ ನಕ್ಕರು. ದೊಡ್ಡಪ್ಪ ಮುಂದೆ ಬಂದು ಕೈ ಮುಗಿದರು. "ತಪ್ಪಾಯ್ತು ಸ್ವಾಮಿ" ಎಂದರು.

ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಶಿಡ್ಲಘಟ್ಟಕ್ಕೆ ನಡೆದು ಹೊರಟೆವು. ತಪ್ಪಾಯ್ತು ಎಂದರಲ್ಲ ಎಂದು ದೊಡ್ಡಪ್ಪನ ಪಕ್ಕಕ್ಕೆ ಬಂದು ನಡೆದೆ. ಕೊನೆಗೆ ತಡೆಯಲಾರದೆ ಕೇಳಿಬಿಟ್ಟೆ.

"ಏನು ತಪ್ಪಾಯ್ತು ದೊಡ್ಡಪ್ಪ? ನಿಮ್ಮ ಸುತ್ತು ಕೇಳ್ಸಿದ್ದು ತಪ್ಪಾ?"

ಅವರು ಡ್ರಮ್ಮನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದರು.

"ಕೇಳ್ಸಿದ್ದಲ್ಲ ಕಣಪ್ಪ. ನೀನು ಸಿಟ್ಟಲ್ಲಿ ಊದ್ದೆ. ನಿಧಾನದ ಸುತ್ತನ್ನ ಓಡಿಸ್ಬಿಟ್ಟೆ. ಆ ಮಗು ಹೊಸ್ತಿಲ ಹತ್ರ ಒಂದು ಗಳಿಗೆ ನಿಲ್ಬೇಕಿತ್ತು."

ಅದಾದ ಮೇಲೆ ನಮ್ಮನ್ನು ಯಾರೂ ಆ ಕಡೆಯ ಮದುವೆಗಳಿಗೆ ಕರೆಯಲಿಲ್ಲ. ದೊಡ್ಡಪ್ಪ ಹೋದರು, ಸೆಟ್ಟು ಚದುರಿತು. ಪ್ಲೇಟು ಮಾತ್ರ ಇನ್ನೂ ಕೆಲವರ ಮನೆಯಲ್ಲಿದೆ. ಬಾಗಿಲಿಗೆ, ಕಂಪನಿಯವನಿಗೆ, ಮೇಲೂರಿನವರಿಗೆ, ಚಪ್ಪಾಳೆಯವರಿಗೆ ನಾನು ಹಾಕುವ ಶಾಪ ಇನ್ನೂ ಮುಗಿದಿಲ್ಲ. ಆದರೆ ಆ ಸುತ್ತು ಹೊಸ್ತಿಲಿನ ಮುಂದೆ ಕೇಳಿಸಿದ್ದು ಒಂದೇ ಸಲ, ಮತ್ತು ಅವತ್ತು ಅದನ್ನು ಓಡಿಸಿದವನು ನಾನು.