ಬಂಡೆಯ ಹೆಂಡತಿಗೊಬ್ಬ ಮೀಸೆಯ ಸವತಿ

ನಮ್ಮ ಬೀದಿಯ ಬಂಡೆ ಉಸಿರು ಬಿಗಿಹಿಡಿದರೆ ಲೋಕವೇ ಸ್ತಬ್ಧ. ಚಹಾ ಬಗ್ಗಿಸುವಾಗಲೂ ಅವನು ಅರ್ಧ ಉಸಿರು ಹೊರಬಿಟ್ಟು, ಉಳಿದರ್ಧವನ್ನು ಎದೆಯಲ್ಲೇ ನಿಲ್ಲಿಸಿ, ಆಮೇಲೇ ಲೋಟದ ಕಡೆ ಕೈ ಬಾಗಿಸುವುದು. ಆ ಕ್ಷಣ ಫ್ಯಾನು ತಿರುಗಲು ಹೆದರುತ್ತದೆ, ಪಕ್ಕದ ಮನೆಯ ನಾಯಿ ಅರ್ಧ ಬೊಗಳಿ ಸುಮ್ಮನಾಗುತ್ತದೆ ಎಂದು ಎದುರುಮನೆಯ ದರ್ಜಿ ಆಣೆಯಿಟ್ಟು ಹೇಳುತ್ತಾನೆ.

ಬಂಡೆ ಸೈನ್ಯದಲ್ಲಿ ಸ್ನೈಪರ್, ಅಂದರೆ ಮರೆಯಲ್ಲಿದ್ದು ದೂರದಿಂದ ಗುರಿಯಿಟ್ಟು ಹೊಡೆಯುವವನು ಆಗಿದ್ದ. ಮೈಗೆಲ್ಲ ಹುಲ್ಲು ಸಿಕ್ಕಿಸಿಕೊಂಡು, ಇರುವೆ ಕಚ್ಚಿದರೂ ಕದಲದೆ, ಇಡೀ ದಿನ ಬೋರಲು ಬಿದ್ದಿರುವುದೇ ಉದ್ಯೋಗ; ಬಂಡೆ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಎಷ್ಟು ಜನರನ್ನು ಹೊಡೆದೆ ಎಂದು ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಾನೆ. ಆದರೆ ಅವನ ಹೆಂಡತಿಯ ಸಂಕಟವೇ ಬೇರೆ.

ಸ್ನೈಪರ್ ಒಬ್ಬನೇ ಮಲಗುವುದಿಲ್ಲ. ದೂರ ಎಷ್ಟು, ಗಾಳಿ ಯಾವ ಕಡೆ ಎಂದು ಕಿವಿಯಲ್ಲಿ ಉಸುರಲು ದುರ್ಬೀನು ಹಿಡಿದ ಜೊತೆಗಾರನೊಬ್ಬ ಭುಜಕ್ಕೆ ಭುಜ ತಾಗಿಸಿಕೊಂಡು ಪಕ್ಕದಲ್ಲಿರುತ್ತಾನೆ. ಬಂಡೆಗೆ ನೌಕರಿಯುದ್ದಕ್ಕೂ ಒಬ್ಬನೇ ಜೊತೆಗಾರ. ಅವನಿಗೆ ದುರ್ಬೀನು ಎಂದೇ ಹೆಸರು. ರಜೆಗೆ ಬಂದಾಗ ಬಂಡೆ ಮಧ್ಯಾಹ್ನದ ನಿದ್ದೆಗಣ್ಣಲ್ಲಿ ಮಗ್ಗುಲಾಗಿ "ಗಾಳಿ?" ಎನ್ನುತ್ತಿದ್ದ. ಪಾಪ, ಹೆಂಡತಿ ಎದ್ದು ಕಿಟಕಿ ತೆರೆಯುತ್ತಿದ್ದಳು. ಅವನು ಕೇಳುತ್ತಿದ್ದುದು ತನ್ನನ್ನಲ್ಲ ಎಂದು ಗೊತ್ತಾದ ದಿನ ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಸವತಿಯನ್ನು ಕಂಡ ಹೆಂಗಸರು ಎಷ್ಟೋ ಮಂದಿ. ಪೊದೆಮೀಸೆಯ ಸವತಿ ಇವಳೊಬ್ಬಳಿಗೇ.

ನಿವೃತ್ತಿಯಾಯಿತು, ಇನ್ನು ಗಂಡ ಪೂರ್ತಿ ತನ್ನವನು ಎಂದು ಅವಳು ನಿರಾಳವಾಗುವಷ್ಟರಲ್ಲಿ ದುರ್ಬೀನು ಪೆಟ್ಟಿಗೆ ಸಮೇತ ಬಂದಿಳಿದ. ತನ್ನೂರಿನಲ್ಲಿ ಬಂದೂಕು ತರಬೇತಿ ಶಾಲೆ ತೆರೆಯುತ್ತಾನಂತೆ; ಬಂಡೆಯೂ ಬಂದು ಅಲ್ಲೇ ಇರಬೇಕಂತೆ.

"ಯೋಚ್ನೆ ಮಾಡ್ಬೇಡಿ ಅತ್ತಿಗೆ, ವರ್ಷಕ್ಕೆರಡು ಸಲ ಕಳಿಸ್ಕೊಡ್ತೀನಿ."

"ಅಯ್ಯೋ, ಅಷ್ಟೊಂದು ಧಾರಾಳ ಯಾಕೆ? ನೀವೇ ಇಟ್ಕೊಂಡ್ಬಿಡಿ!" ಎಂದು ಅವಳು ಲೋಟ ಕುಕ್ಕಿದಳು.

ಊಟವಾದ ಮೇಲೆ ಗೆಳೆಯರಿಬ್ಬರೂ ತಾರಸಿಯಲ್ಲಿ ಅಕ್ಕಪಕ್ಕ ಕೂತು, ತುಟಿ ಬಿಚ್ಚದೆ ಎದುರು ಮನೆಗಳ ನೀರಿನ ಟ್ಯಾಂಕುಗಳನ್ನು ನೋಡತೊಡಗಿದರು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅವಳು ಒಂದೇ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಮಾತಾಡಿದ್ದರಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ತನ್ನ ಪಕ್ಕದಲ್ಲಿ ಅವನು ಇಷ್ಟು ಹಾಯಾಗಿ ಸುಮ್ಮನಿದ್ದದ್ದೇ ಇಲ್ಲವಲ್ಲ!

ದುರ್ಬೀನು ನೀರು ಕುಡಿಯಲು ಕೆಳಗಿಳಿದದ್ದೇ ತಡ, ಗಂಡನೆದುರು ಬಂದು ನಿಂತಳು.

"ರೀ, ನನ್ನ ಹತ್ರ ನಿಮ್ಮ ಮಾತು ಅಂದ್ರೆ ‘ಉಪ್ಪು ಕಮ್ಮಿ’, ಅಷ್ಟೇ. ಅವರ ಕಿವೀಲಿ ವರ್ಷಗಟ್ಟಲೆ ಅದೇನು ಪಿಸುಗುಟ್ತಿದ್ರಿ? ಹೋಗೋದಾದ್ರೆ ಅದನ್ನ ಹೇಳಿಬಿಟ್ಟು ಹೋಗಿ."

ಬಂಡೆ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"‘ಎದ್ದೇಳೋ, ಗೊರಕೆ ಹೊಡೀಬೇಡ’ ಅಂತಿದ್ದೆ. ಇನ್ನು ನನ್ನ ಕೈಲಾಗಲ್ಲ ಕಣೇ, ನಾನೆಲ್ಲೂ ಹೋಗಲ್ಲ."